ಕಲ್ಲಿನ ದ್ವೀಪಗಳ ಸುತ್ತ ಸಣ್ಣ ದೋಣಿಯಲ್ಲಿ: ಕಾರವಾರದಿಂದ ಮಲ್ಪೆವರೆಗಿನ ಸಮಗ್ರ ಮಾರ್ಗದರ್ಶಿ

ಕರ್ನಾಟಕದ ಕಡಲಂಚು ಮುನ್ನೂರು ಚಿಲ್ಲರೆ ಕಿಲೋಮೀಟರ್. ಅದರ ಎದುರಿಗೆ ಅಲ್ಲಲ್ಲಿ ಕಲ್ಲಿನ ದ್ವೀಪಗಳು ನಿಂತಿವೆ. ಕಾರವಾರದ ಎದುರು ಕೂರ್ಮಗಡ, ದೇವಗಡ, ಅಂಜುದ್ವೀಪ. ಹೊನ್ನಾವರದ ಎದುರು ಬಸವರಾಜದುರ್ಗ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆ ನೇತ್ರಾಣಿ. ಮಲ್ಪೆಯ ಎದುರು ಸೇಂಟ್ ಮೇರೀಸ್, ಊರವರ ಬಾಯಲ್ಲಿ ತೋನ್ಸೆಪಾರ್. ಹೋದವರಲ್ಲಿ ಹೆಚ್ಚಿನವರು ದೋಣಿಯಿಂದಿಳಿದು, ಮರಳಿನ ಮೇಲೆ ನಡೆದು, ಫೋಟೊ ತೆಗೆದು ವಾಪಸಾಗುತ್ತಾರೆ. ಅವರು ನೋಡಿದ್ದು ದಡದ ಕಡೆಗಿನ ಮೂಡುಬದಿಯನ್ನು ಮಾತ್ರ. ಅಲೆ ಬಡಿದು ಬಂಡೆ ಸೀಳಿದ, ಕಡಲಹದ್ದು ಗೂಡು ಕಟ್ಟುವ, ಕಲ್ಲಿನ ಪದರಗಳೆಲ್ಲ ಬಿಚ್ಚಿ ತೋರುವ ಪಡುಬದಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಲ್ಲಿನ ದ್ವೀಪವನ್ನು ನೀರಿನ ಮೇಲಿಂದ, ನಿಧಾನವಾಗಿ, ಪೂರ್ತಿ ಒಂದು ಸುತ್ತು ಹಾಕಿ ನೋಡಬೇಕು. ಇಳಿಯುವುದು ಆಮೇಲಿನ ಮಾತು. ಎಷ್ಟೋ ಕಡೆ ಇಳಿಯದೇ ಇರುವುದೇ ಸರಿ.

ಹಾಗೆ ಸುತ್ತಲು ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮನಸ್ಸಿನಲ್ಲಿರುವುದು 18ರಿಂದ 25 ಅಡಿ ಉದ್ದದ ಫೈಬರ್ ದೋಣಿ, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್, ನಡೆಸಲು ಅದೇ ನೀರಿನಲ್ಲಿ ಬಲೆ ಬೀಸಿ ಬೆಳೆದ ಮೀನುಗಾರ, ಜೊತೆಗೆ ನಾಲ್ಕೈದು ಜನ. ಕಯಾಕ್ ಹುಟ್ಟು ಹಾಕುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಆದರೆ ತೆರೆದ ಕಡಲಿನ ದ್ವೀಪಕ್ಕೆ ಕಯಾಕ್ ಒಂದೇ ಹೋಗಬಾರದು, ಜೊತೆಗೊಂದು ಎಂಜಿನ್ ದೋಣಿ ಇರಲೇಬೇಕು.

ಯಾವ ದ್ವೀಪ, ಯಾರ ಒಪ್ಪಿಗೆ

ಅಂಜುದ್ವೀಪವನ್ನು ಪಟ್ಟಿಯಿಂದ ಹೊಡೆದುಹಾಕಿ. ಅದು ಕಾರವಾರದ ನೌಕಾನೆಲೆಗೆ ಸೇರಿದ ಜಾಗ. ಸುತ್ತಲಿನ ನೀರಿಗೂ ನಾಗರಿಕ ದೋಣಿಗಳು ಹೋಗುವಂತಿಲ್ಲ. ಹತ್ತಿರ ಹೋದರೆ ಕಾವಲು ದೋಣಿ ಬಂದು ನಿಲ್ಲಿಸುತ್ತದೆ, ತಪ್ಪು ನಿಮ್ಮದಾದರೂ ತೊಂದರೆ ಅನುಭವಿಸುವವನು ದೋಣಿಯ ಒಡೆಯ. ನೇತ್ರಾಣಿಯನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಸಿಡಿಯದ ಮದ್ದುಗುಂಡು ಉಳಿದಿರಬಹುದಾದ ನೆಲದ ಮೇಲೆ ಕಾಲಿಡುವುದು ಬೇಡ. ಅಲ್ಲಿನ ಸೊಬಗೆಲ್ಲ ಹೇಗೂ ನೀರಿನಲ್ಲೇ ಇದೆ. ಸೇಂಟ್ ಮೇರೀಸ್‌ಗೆ ಮಲ್ಪೆಯಿಂದ ಟಿಕೆಟ್ ದೋಣಿಗಳಿವೆ, ಮಳೆಗಾಲದಲ್ಲಿ ಜಿಲ್ಲಾಡಳಿತ ಪ್ರವೇಶ ನಿಲ್ಲಿಸುತ್ತದೆ.

ಮೊದಲ ಸಲ ಹೊರಡುವವರು ಕೂರ್ಮಗಡವನ್ನೋ ಬಸವರಾಜದುರ್ಗವನ್ನೋ ಆರಿಸಿಕೊಳ್ಳಿ. ಎರಡೂ ದಡಕ್ಕೆ ಹತ್ತಿರ, ಎರಡಕ್ಕೂ ಮರೆಯಾದ ಮೂಡುಬದಿ ಇದೆ, ಎರಡರಲ್ಲೂ ಹಳೆಯ ಕೋಟೆಯ ಕುರುಹು ಇದೆ. ಆಮೇಲೆ ದೇವಗಡ. ಅದರ ನೆತ್ತಿಯ ಮೇಲಿನ ದೀಪಸ್ತಂಭ ಬ್ರಿಟಿಷರು 1864ರಲ್ಲಿ ಕಟ್ಟಿದ್ದು, ಆಯ್‌ಸ್ಟರ್ ರಾಕ್ ದೀಪಸ್ತಂಭವೆಂದೇ ನಕಾಶೆಗಳಲ್ಲಿ ಇದರ ಹೆಸರು. ನೇತ್ರಾಣಿ ಕೊನೆಗಿರಲಿ. ಅಷ್ಟು ದೂರ ಹೋದ ಮೇಲೆ ಗಾಳಿ ಬದಲಾದರೆ ಓಡಿ ಬಂದು ಸೇರಿಕೊಳ್ಳಲು ನಡುವೆ ಎಲ್ಲೂ ಮರೆ ಇಲ್ಲ.

ಹೊರಡುವ ಮುನ್ನಾದಿನವೇ ಎರಡು ಕೆಲಸ ಮುಗಿಸಿ. ಬಂದರು ಕಚೇರಿಯಲ್ಲಿ ಆ ದ್ವೀಪಕ್ಕೆ ಈಗ ಯಾವ ನಿರ್ಬಂಧ ಇದೆ ಎಂದು ಕೇಳಿ, ಏಕೆಂದರೆ ಇವು ಪದೇ ಪದೇ ಬದಲಾಗುತ್ತವೆ. ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ದೋಣಿಯ ನೋಂದಣಿ ಸಂಖ್ಯೆ, ಎಲ್ಲರ ಹೆಸರು, ಹೊರಡುವ ಮತ್ತು ಮರಳುವ ಹೊತ್ತು ಬರೆಸಿ. ಎಲ್ಲರೂ ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರಬೇಕು. ಬೇಸರದ ಕೆಲಸ ನಿಜ. ಆದರೆ ನೀವು ಹೊತ್ತಿಗೆ ಸರಿಯಾಗಿ ಮರಳದಿದ್ದರೆ ಹುಡುಕಾಟ ಶುರುವಾಗುವುದು ಆ ಪುಸ್ತಕದ ಒಂದು ಸಾಲಿನಿಂದ.

ತಿಂಗಳು, ಗಂಟೆ, ಗಾಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ, ಆ ಮೇಲೂ ಕಡಲು ತಣಿಯಲು ವಾರಗಳು ಬೇಕು. ಅಕ್ಟೋಬರ್ ಅರ್ಧ ನಂಬುವ ತಿಂಗಳು. ಹಿಂಗಾರಿನ ಸಂಜೆ ಗುಡುಗು ಬರುತ್ತದೆ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. 2019ರ ಅಕ್ಟೋಬರ್‌ನಲ್ಲಿ ಎದ್ದ ಕ್ಯಾರ್, 2021ರ ಮೇ ತಿಂಗಳಲ್ಲಿ ನಮ್ಮ ದಡವನ್ನು ಬಡಿದ ತೌಕ್ತೆ ಎರಡೂ ಮಳೆಗಾಲದ ಆಚೀಚೆ ಬಂದವೇ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಡಲು ಅತ್ಯಂತ ಶಾಂತ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗ್ಗೆ ಮಾತ್ರ ಹೋಗಿಬರಬಹುದು.

ಯಾವ ತಿಂಗಳಾದರೂ ಹೊರಡುವ ಗಂಟೆ ಒಂದೇ: ಬೆಳಕು ಹರಿಯುತ್ತಿದ್ದ ಹಾಗೆ. ರಾತ್ರಿಯಿಡೀ ತಣಿದ ನೆಲದಿಂದ ಬೆಳಗಿನ ಜಾವ ಮೂಡುಗಾಳಿ ಬೀಸುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ನೆಲ ಕಾದು ಗಾಳಿ ತಿರುಗಿ, ಕಡಲಿನಿಂದ ವಾಯವ್ಯದ ಗಾಳಿ ಏಳುತ್ತದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಅದು ಜೋರು, ಬೇಸಿಗೆಯಲ್ಲಂತೂ ಕಡಲಿನ ಮೇಲೆಲ್ಲ ಬಿಳಿನೊರೆ. ಆದ್ದರಿಂದ ಆರೂವರೆಗೆ ದಕ್ಕೆ (ದೋಣಿ ನಿಲ್ಲುವ ಕಟ್ಟೆ) ಬಿಟ್ಟು ಹನ್ನೊಂದೂವರೆಗೆ ದಕ್ಕೆ ಸೇರಿದವರಿಗೆ ಕಡಲು ಸೌಮ್ಯ. ಹತ್ತು ಗಂಟೆಗೆ ತಿಂಡಿ ತಿಂದು ಹೊರಟವರಿಗೆ ಅದೇ ಕಡಲು ಬೇರೆಯೇ ಮುಖ ತೋರಿಸುತ್ತದೆ.

ಮೂಡುಗಾಳಿಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ, ಇದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ. ದಡದ ಕಡೆಯಿಂದ ಬೀಸುವ ಗಾಳಿಗೆ ದಡದ ಹತ್ತಿರದ ನೀರು ಸಪಾಟಾಗಿರುತ್ತದೆ. ನಿಂತು ನೋಡಿದವರಿಗೆ ಕೆರೆಯಷ್ಟೇ ನಿರಾಳ ಅನ್ನಿಸುತ್ತದೆ. ಆದರೆ ಅದೇ ಗಾಳಿ ನಿಮ್ಮನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಎಂಜಿನ್ ಕೆಟ್ಟರೆ, ಕಯಾಕಿನವರ ತೋಳು ಸೋತರೆ, ಹೋಗುವ ದಿಕ್ಕು ಲಕ್ಷದ್ವೀಪದ ಕಡೆ. ದೋಣಿಯಲ್ಲಿ ಲಂಗರು ಇರಲೇಬೇಕು ಎನ್ನುವುದಕ್ಕೆ ಮೊದಲ ಕಾರಣ ಇದು.

ಮುನ್ಸೂಚನೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಸಮುದ್ರ ಸ್ಥಿತಿಯ ವರದಿ ನೋಡಿ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ ನೋಡಿ. ಬರೀ ಗಾಳಿಯ ವೇಗ ನೋಡಿ ಸುಮ್ಮನಾಗಬೇಡಿ. ಅಲೆಯ ಎತ್ತರ, ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಸೆಕೆಂಡುಗಳು, ಸ್ವೆಲ್ (ದೂರದ ಕಡಲಿನಲ್ಲಿ ಹುಟ್ಟಿ ಬರುವ ಅಲೆ) ಬರುವ ದಿಕ್ಕು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅಲೆಯ ಎತ್ತರ ಒಂದು ಮೀಟರ್ ದಾಟಿದ್ದರೆ ಕಲ್ಲಿನ ದ್ವೀಪದ ಪಡುಬದಿ ಬೇಡ. ಸ್ವೆಲ್ ಸರ್ಜ್ ಎಚ್ಚರಿಕೆ ಇದ್ದರೆ ಆ ದಿನ ದಡದಲ್ಲೇ ಇರಿ.

ಉಬ್ಬರ ಇಳಿತದ ಲೆಕ್ಕ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಸುಮಾರು ಎರಡು ಮೀಟರ್ ಏರಿಳಿಯುತ್ತದೆ, ಮಲ್ಪೆಯ ಕಡೆ ಬಂದಂತೆ ತುಸು ಕಡಿಮೆ. ಎರಡು ಮೀಟರ್ ಎಂದರೆ ಬೆಳಗ್ಗೆ ಬರಿಗಣ್ಣಿಗೆ ಕಾಣುತ್ತಿದ್ದ ಬಂಡೆ ಮಧ್ಯಾಹ್ನ ದೋಣಿಯ ತಳಕ್ಕೆ ಸರಿಯಾಗಿ ಒಂದಡಿ ಕೆಳಗೆ ಅಡಗಿ ಕೂತಿರುತ್ತದೆ.

ಅಂದಾಜಿಗೆ ಹಳೆಯ ಲೆಕ್ಕವೊಂದಿದೆ. ಇಳಿತದಿಂದ ಉಬ್ಬರಕ್ಕೆ ಸರಿಸುಮಾರು ಆರು ಗಂಟೆ. ಏರಬೇಕಾದ ನೀರನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ, ಸೆಳೆತ ಜೋರಾಗಿರುವುದೂ ಆಗಲೇ.

ಹುಣ್ಣಿಮೆ, ಅಮಾವಾಸ್ಯೆಗಳಂದು ಪೂರ್ಣ ಉಬ್ಬರ ನಮ್ಮಲ್ಲಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬರುತ್ತದೆ. ಹಾಗಾಗಿ ಬೆಳಗ್ಗೆ ಆರೂವರೆಗೆ ಹೊರಟವರಿಗೆ ಏರುನೀರು ಸಿಗುತ್ತದೆ, ಮರಳಿ ಅಳಿವೆ (ನದಿ ಕಡಲು ಸೇರುವ ಬಾಯಿ) ಸೇರುವಾಗ ನೀರು ತುಂಬಿರುತ್ತದೆ. ಅಷ್ಟಮಿ, ನವಮಿಯ ಸುತ್ತಮುತ್ತ ಲೆಕ್ಕ ತಲೆಕೆಳಗು: ಬೆಳಗ್ಗೆಯಿಡೀ ನೀರು ಇಳಿಯುತ್ತಿರುತ್ತದೆ. ಆ ದಿನಗಳಲ್ಲಿ ಏರಿಳಿತವೇ ಕಡಿಮೆ, ಸೆಳೆತವೂ ಕಡಿಮೆ ನಿಜ. ಆದರೂ ಕಲ್ಲಿನ ನಡುವೆ ಹೋಗುವವರು ಏರುನೀರನ್ನೇ ಆರಿಸಿಕೊಳ್ಳಬೇಕು. ಏರುನೀರಿನಲ್ಲಿ ದೋಣಿ ಕಲ್ಲಿಗೆ ತಾಗಿ ನಿಂತರೆ ಹತ್ತು ನಿಮಿಷದಲ್ಲಿ ನೀರೇ ಎತ್ತಿ ಬಿಡಿಸುತ್ತದೆ. ಇಳಿನೀರಿನಲ್ಲಿ ನಿಂತರೆ ಪ್ರತಿ ನಿಮಿಷವೂ ಇನ್ನಷ್ಟು ಸಿಕ್ಕಿಕೊಳ್ಳುತ್ತೀರಿ.

ದೋಣಿ, ತಾಂಡೇಲ, ಸಾಮಾನು

ದೋಣಿಗಿಂತ ಮೊದಲು ಅದನ್ನು ನಡೆಸುವ ತಾಂಡೇಲರನ್ನು ಹುಡುಕಿ. ದ್ವೀಪದ ಸುತ್ತ ಬಲೆ ಹಾಕುವವರು, ಬಂಡೆಯಿಂದ ನೀಲಿಕಲ್ಲು (ಕಲ್ಲಿಗೆ ಅಂಟಿ ಬೆಳೆಯುವ, ತಿನ್ನುವ ಚಿಪ್ಪು) ತೆಗೆಯಲು ಮುಳುಗುವವರು ಎಲ್ಲಕ್ಕಿಂತ ಒಳ್ಳೆಯ ಜೊತೆ. ಯಾವ ಕಲ್ಲು ಎಷ್ಟು ನೀರಿನಲ್ಲಿ ಮುಳುಗುತ್ತದೆ ಎನ್ನುವುದು ಅವರ ಮೈಗೆ ಗೊತ್ತು. ಮುನ್ನಾದಿನ ಸಂಜೆ ದಕ್ಕೆಗೆ ಹೋಗಿ, ಅವರ ಜೊತೆ ಕೂತು, ಕಡಲು ಈ ವಾರ ಹೇಗಿತ್ತು ಎಂದು ಕೇಳಿ. ಬಾಡಿಗೆ ಮಾತಾಡುವಾಗಲೇ ಒಂದು ಒಪ್ಪಂದ ಮಾಡಿಕೊಳ್ಳಿ: "ಅಣ್ಣ, ನೀವು ಬೇಡ ಅಂದರೆ ಅಲ್ಲಿಂದಲೇ ವಾಪಸ್. ದುಡ್ಡು ಪೂರ್ತಿ ಕೊಡುತ್ತೇವೆ." ಬಾಡಿಗೆ ಕೈತಪ್ಪುವ ಹೆದರಿಕೆಯಿಂದ ಒಲ್ಲದ ಮನಸ್ಸಿನಲ್ಲಿ ಮುಂದೆ ಹೋಗುವ ಸ್ಥಿತಿಗೆ ಅವರನ್ನು ತರಬಾರದು. ಈ ಮಾರ್ಗದರ್ಶಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಮಾತು ಇದು.

ದೋಣಿ ನೋಡುವಾಗ ತಳದ ಫೈಬರಿನಲ್ಲಿ ಹೊಸ ಬಿರುಕು ಇದೆಯೇ, ಎಂಜಿನ್ ತಣ್ಣಗಿರುವಾಗ ಎರಡು ಮೂರು ಎಳೆತಕ್ಕೆ ಹೊತ್ತಿಕೊಳ್ಳುತ್ತದೆಯೇ, ಎಂಜಿನ್ ತಣಿಸುವ ನೀರು ಹೊರಗೆ ಚಿಮ್ಮುತ್ತಿದೆಯೇ ಎಂದು ಗಮನಿಸಿ. ಹುಟ್ಟು ಎರಡು ಇರಬೇಕು. ಇಂಧನವನ್ನು ಮೂರು ಪಾಲು ಮಾಡಿ: ಒಂದು ಹೋಗಲು ಮತ್ತು ಸುತ್ತಲು, ಒಂದು ಬರಲು, ಒಂದು ಮುಟ್ಟದೇ ಉಳಿಸಲು. ಬಿಡಿ ಸ್ಪಾರ್ಕ್ ಪ್ಲಗ್, ಅದನ್ನು ಬಿಚ್ಚುವ ಪಾನಾ, ನೀರು ಎತ್ತಿ ಚೆಲ್ಲುವ ಡಬ್ಬ ಜೊತೆಗಿರಲಿ.

ಲೈಫ್ ಜಾಕೆಟ್ ಬಗ್ಗೆ ಚರ್ಚೆ ಬೇಡ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಕಾರವಾರ ದಡದ ಕಣ್ಣೆದುರಿನ ನೀರು ಅದು. ಮಿತಿಮೀರಿ ಜನ ಹತ್ತಿದ ದೋಣಿಗೆ ನೀವು ಹತ್ತಬೇಡಿ, ಅದು ದೇವರ ಕೆಲಸಕ್ಕೆ ಹೊರಟ ದೋಣಿಯೇ ಆಗಿರಲಿ. ಜಾಕೆಟ್ಟನ್ನು ದಕ್ಕೆಯಲ್ಲೇ ತೊಟ್ಟು, ಪಟ್ಟಿ ಬಿಗಿದು, ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಏರಿಬಂದರೆ ನೀರಿನಲ್ಲಿ ಅದು ತಲೆಯಿಂದ ಕಳಚಿಕೊಳ್ಳುತ್ತದೆ. ಕೂತುಕೊಳ್ಳಲು ದಿಂಬು ಮಾಡಿಕೊಂಡ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ.

ಉಳಿದದ್ದು ಚುಟುಕಾಗಿ: ತಲೆಗೆ ಎರಡು ಲೀಟರಿನಂತೆ ನೀರು, ಉಪ್ಪು ಸಕ್ಕರೆ, ಟೋಪಿ, ತೋಳು ಮುಚ್ಚುವ ಅಂಗಿ, ಚಪ್ಪಲಿಯ ಬದಲು ದಪ್ಪ ತಳದ ಷೂ, ಸೀಟಿ, ಟಾರ್ಚ್, ಕನ್ನಡಿ, ಪ್ರಥಮ ಚಿಕಿತ್ಸೆಯ ಡಬ್ಬಿ. ಮೊಬೈಲ್ ನೀರು ಹೋಗದ ಚೀಲದಲ್ಲಿರಲಿ, ಆದರೆ ಅದನ್ನೇ ನಂಬಬೇಡಿ, ನೇತ್ರಾಣಿಯ ಕಡೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ವಿಎಚ್‌ಎಫ್ ರೇಡಿಯೊ ಇರುವ ದೋಣಿ ಸಿಕ್ಕರೆ ನೂರಿನ್ನೂರು ಹೆಚ್ಚು ಕೊಟ್ಟಾದರೂ ಅದನ್ನೇ ಹಿಡಿಯಿರಿ. ಅಪಾಯದ ಕರೆಗೆ ಚಾನಲ್ 16.

ಅಳಿವೆ ದಾಟುವುದು

ಹೊರಡುವ ಹೆಜ್ಜೆಗಳಲ್ಲಿ ಅತಿ ಅಪಾಯದ್ದು ದ್ವೀಪದ ಬಳಿ ಇಲ್ಲ, ದಡದ ಬಳಿಯೇ ಇದೆ. ಶರಾವತಿ, ಕಾಳಿ, ಅಘನಾಶಿನಿ, ಗಂಗಾವಳಿ ಎಲ್ಲವೂ ಅಳಿವೆಯಲ್ಲಿ ಮರಳಿನ ದಿಬ್ಬ ಕಟ್ಟುತ್ತವೆ. ನದಿಯ ಇಳಿನೀರು ಹೊರಗೆ ನುಗ್ಗುತ್ತಿರುವಾಗ ಎದುರಿನಿಂದ ಕಡಲಲೆ ಬಂದರೆ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಒಡೆಯುತ್ತದೆ. ಹೊನ್ನಾವರದ ಅಳಿವೆಯಲ್ಲಿ ದೋಣಿಗಳು ಮಗುಚಿದ ಸುದ್ದಿ ಮೇಲಿಂದ ಮೇಲೆ ಬರುವುದು ಹೂಳಿನಿಂದ, ಈ ಜಗಳದಿಂದ.

ದಾಟುವ ಮುಂಚೆ ಒಳಗಿನ ಶಾಂತ ನೀರಿನಲ್ಲಿ ನಿಂತು ನೋಡಿ. ಅಲೆಗಳು ಗುಂಪಾಗಿ ಬರುತ್ತವೆ, ಗುಂಪಿನ ನಡುವೆ ಬಿಡುವು ಇರುತ್ತದೆ. ದೊಡ್ಡ ಗುಂಪು ಹಾದುಹೋದ ಕೂಡಲೇ ಹೊರಡಬೇಕು. ಹೊರಗೆ ಹೋಗುವಾಗ ಅಲೆಗೆ ಮೂತಿ ಕೊಟ್ಟು ಹೋಗಿ, ಪಕ್ಕೆ ಕೊಡಬೇಡಿ. ಒಳಗೆ ಬರುವಾಗ ಒಂದು ಅಲೆಯ ಬೆನ್ನ ಮೇಲೆ ಕೂತು, ಅದೇ ವೇಗದಲ್ಲಿ, ಅದನ್ನು ದಾಟದಂತೆ, ಹಿಂದಿನದು ಹಿಡಿಯದಂತೆ ಬರಬೇಕು. ಜನ ದೋಣಿಯ ನಡುವೆ ಕೆಳಗೆ ಕೂತಿರಬೇಕು, ಆ ಎರಡು ನಿಮಿಷ ಯಾರೂ ಎದ್ದು ಫೋಟೊ ತೆಗೆಯಕೂಡದು. ಮಲ್ಪೆಯಲ್ಲಿ ಅಲೆತಡೆ ಗೋಡೆಗಳಿವೆ, ಮುರುಡೇಶ್ವರದಿಂದ ಹೊರಡುವವರಿಗೆ ಅಳಿವೆಯ ಕಾಟವಿಲ್ಲ.

ದಡ ಬಿಟ್ಟ ಮೇಲೆ ಹಿಂತಿರುಗಿ ನೋಡಿ, ಗುರುತು ಹಿಡಿಯಿರಿ. ಮೀನುಗಾರರು ದಡದ ಒಂದು ವಸ್ತುವನ್ನು ಅದರ ಹಿಂದಿನ ಗುಡ್ಡದ ಜೊತೆ ಸೇರಿಸಿ ದಾರಿ ಹಿಡಿಯುತ್ತಾರೆ: ದೇವಸ್ಥಾನದ ಗೋಪುರ ಗುಡ್ಡದ ಇಳಿಜಾರಿಗೆ ನೇರ ಇರುವವರೆಗೂ ದೋಣಿ ಸರಿದಾರಿಯಲ್ಲಿದೆ, ಗೋಪುರ ಬಲಕ್ಕೆ ಸರಿದರೆ ದೋಣಿ ಎಡಕ್ಕೆ ಜಾರಿದೆ ಎಂದೇ ಅರ್ಥ. ಜಿಪಿಎಸ್ ಇದ್ದರೂ ಇದನ್ನು ಕಲಿಯಿರಿ. ಸಣ್ಣ ದೋಣಿಯಲ್ಲಿ ಕೂತವರ ಕಣ್ಣು ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ, ಅಲ್ಲಿಂದ ನೀರಂಚು ಇರುವುದು ನಾಲ್ಕೂವರೆ ಕಿಲೋಮೀಟರ್ ದೂರಕ್ಕೆ ಮಾತ್ರ. ತಗ್ಗಾದ ಕಲ್ಲು ಅದರಾಚೆ ಕಾಣುವುದೇ ಇಲ್ಲ. ಮುರುಡೇಶ್ವರದ 20 ಅಂತಸ್ತಿನ ರಾಜಗೋಪುರವಾದರೋ ತಿಳಿಯಾದ ದಿನ ನೇತ್ರಾಣಿಯಿಂದಲೂ ಕಾಣುತ್ತದೆ. ಮಂಜು ಕವಿದ ಬೆಳಗಿನಲ್ಲಿ ಕಾಣದು, ಅದಕ್ಕೇ ದಿಕ್ಸೂಚಿ ಬೇಕು.

ದ್ವೀಪದ ಬಳಿ: ಮೊದಲು ನಿಲ್ಲಿ

ದ್ವೀಪ ಇನ್ನೂ ಇನ್ನೂರು ಮೀಟರ್ ಇರುವಾಗಲೇ ಎಂಜಿನ್ ತಗ್ಗಿಸಿ, ಕಾಲು ಗಂಟೆ ಸುಮ್ಮನೆ ನೋಡಿ. ಆ ಹದಿನೈದು ನಿಮಿಷವನ್ನು ಉಳಿಸಲು ಹೋಗಬೇಡಿ.

ನೋಡಬೇಕಾದ್ದು ಮೊದಲು ಅಲೆಯ ಎಡೆ. ಒಂದು ಅಲೆ ಕಲ್ಲಿಗೆ ತಾಗಿದ ಮೇಲೆ ಇನ್ನೊಂದು ತಾಗುವವರೆಗೆ ಎಣಿಸಿ. ಐದಾರು ಸೆಕೆಂಡಾದರೆ ಇಲ್ಲಿಯದೇ ಗಾಳಿ ಎಬ್ಬಿಸಿದ ಅಲೆ. ಹನ್ನೆರಡು, ಹದಿನಾಲ್ಕು ಸೆಕೆಂಡಾದರೆ ಅದು ದೂರದ ದಕ್ಷಿಣದ ಸಾಗರದಲ್ಲಿ ಹುಟ್ಟಿ ದಿನಗಟ್ಟಲೆ ಪಯಣಿಸಿ ಬಂದ ಸ್ವೆಲ್. ಆಳ ನೀರಿನಲ್ಲಿ ಅದು ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ಗೊತ್ತೇ ಆಗುವುದಿಲ್ಲ. ತಳ ತಾಗುತ್ತಿದ್ದಂತೆ ನಿಧಾನವಾಗಿ, ಎತ್ತರವಾಗಿ, ಬಂಡೆಯ ಮೇಲೆ ಭಾರೀ ನೀರು ಹೊತ್ತು ಏರುತ್ತದೆ. ಎತ್ತರ ಒಂದೇ ಇದ್ದರೂ ಎಡೆ ಹೆಚ್ಚಿದಂತೆ ಅಲೆಯ ಬಲ ಹೆಚ್ಚು. ಗಾಳಿಯೇ ಇಲ್ಲದ ದಿನ ಬಂಡೆಯ ಮೇಲೆ ಕೂತವರನ್ನು ಎಳೆದೊಯ್ಯುವುದು ಇದೇ.

ಆಮೇಲೆ ಕಲ್ಲಿನ ಬಣ್ಣ. ನಮ್ಮ ದ್ವೀಪಗಳ ಬಂಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಪಟ್ಟಿಗಳಿರುತ್ತವೆ. ಅತಿ ಕೆಳಗೆ ಹಸಿರು, ಕಂದು ಪಾಚಿ, ಅಲ್ಲಿ ನೀಲಿಕಲ್ಲು ಅಂಟಿರುತ್ತದೆ. ಅದರ ಮೇಲೆ ಬೆಳ್ಳಗೆ ಒರಟಾದ ಪಟ್ಟಿ: ಕಲ್ಲಿಗೇ ಮೆತ್ತಿಕೊಂಡ ಚಿಪ್ಪಿನ ಜೀವಿಗಳು, ಬ್ಲೇಡಿನಷ್ಟು ಚೂಪು. ಅದಕ್ಕೂ ಮೇಲೆ ಕಪ್ಪು ಪಟ್ಟಿ. ಒಣಗಿದಾಗ ಬರೀ ಕಪ್ಪು ಕಲ್ಲು ಅನ್ನಿಸುತ್ತದೆ, ನೀರು ಬಿದ್ದ ಕೂಡಲೇ ಎಣ್ಣೆ ಸವರಿದಂತೆ ಜಾರುತ್ತದೆ. ಕಪ್ಪು ಪಟ್ಟಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕಡಲು ಬಂದು ಹೋಗುತ್ತದೆ ಎಂದೇ ತಿಳಿಯಿರಿ. ಇವತ್ತಿನ ಅಲೆ ಎಷ್ಟು ಎತ್ತರ ಏರಿದೆ ಎಂದು ತಿಳಿಯಲು ಒದ್ದೆಯ ಗೆರೆ ನೋಡಿ. ನೀರು ಕೆಳಗಿದ್ದು ಒದ್ದೆಯ ಗೆರೆ ಎರಡಾಳೆತ್ತರ ಮೇಲಿದ್ದರೆ ನೀವು ಬರುವ ಸ್ವಲ್ಪ ಮುಂಚೆ ದೊಡ್ಡ ಅಲೆಯ ಗುಂಪೊಂದು ಹೋಗಿದೆ, ಇನ್ನೊಂದು ಬರಲಿದೆ.

ಮೂರನೆಯದು ಅಡಗಿದ ಕಲ್ಲು. ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟಿನಷ್ಟು ಆಳದ ನೀರಿಗೆ ಬಂದಾಗ ಅಲೆ ಒಡೆಯುತ್ತದೆ. ಅಂದರೆ ಎರಡು ಮೀಟರ್ ಕೆಳಗಿರುವ ಕಲ್ಲಿನ ಮೇಲೆ ಅರ್ಧ ಮೀಟರಿನ ಅಲೆಗಳು ಗಪ್‌ಚುಪ್ಪಾಗಿ ದಾಟಿಹೋಗುತ್ತವೆ, ಹತ್ತು ನಿಮಿಷಕ್ಕೊಮ್ಮೆ ಬರುವ ದೊಡ್ಡ ಅಲೆ ಮಾತ್ರ ಅದರ ಮೇಲೆ ಒಡೆದು ಬೀಳುತ್ತದೆ. ಅದಕ್ಕೇ ಕಾಲು ಗಂಟೆ ಕಾಯಬೇಕೆಂದದ್ದು. ಎಲ್ಲೋ ನಡುನೀರಿನಲ್ಲಿ ಒಮ್ಮೆ ನೊರೆ ಎದ್ದು ಮಾಯವಾದರೆ ಆ ಜಾಗವನ್ನು ಬೆರಳು ತೋರಿಸಿ ಎಲ್ಲರಿಗೂ ಹೇಳಿ. ಅದಕ್ಕೂ ದ್ವೀಪಕ್ಕೂ ನಡುವೆ ದೋಣಿ ಎಂದೂ ಹೋಗಬಾರದು.

ಸುತ್ತುವ ಕ್ರಮ

ಬೆಳಗಿನ ಗಾಳಿ ತಣ್ಣಗಿರುವಾಗಲೇ ಪಡುಬದಿ ಮುಗಿಸಬೇಕು. ತೆಂಕು ತುದಿಯಿಂದ ತಿರುಗಿ, ಪಡುಬದಿಯಲ್ಲಿ ಬಡಗಣಕ್ಕೆ ಮುಖ ಮಾಡಿ ಸಾಗಿ, ಬಡಗು ತುದಿ ಸುತ್ತಿ, ಮೂಡುಬದಿಯ ಮರೆಗೆ ಬನ್ನಿ. ಹೀಗೆ ಮಾಡಿದರೆ ವಾಯವ್ಯದ ಗಾಳಿ ಬೇಗ ಎದ್ದರೂ ನೀವು ಅದಕ್ಕೆ ಮುಖ ಕೊಟ್ಟೇ ಇರುತ್ತೀರಿ, ದೋಣಿ ಹತೋಟಿಯಲ್ಲಿರುತ್ತದೆ. ಪಡುಬದಿಯಲ್ಲಿ ಬಂಡೆಯಿಂದ ನೂರು ಮೀಟರ್ ದೂರ ಕಾಯ್ದುಕೊಳ್ಳಿ. ಕಡಿದಾದ ಗೋಡೆಗೆ ಬಡಿದ ಅಲೆ ಮರಳಿ ಬಂದು ಮುಂದಿನ ಅಲೆಗೆ ಡಿಕ್ಕಿ ಹೊಡೆಯುವ ಜಾಗದಲ್ಲಿ ನೀರು ದಿಕ್ಕಿಲ್ಲದೆ ಕುಣಿಯುತ್ತದೆ. ದ್ವೀಪದ ತುದಿಗಳಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅಲೆ ಎರಡೂ ಕಡೆಯಿಂದ ಬಳಸಿ ಬಂದು ಹಿಂಬದಿಯಲ್ಲಿ ಒಂದನ್ನೊಂದು ಹಾಯುತ್ತದೆ. ಮೂಡುಬದಿ ಪೂರ್ತಿ ಮರೆ ಎಂದು ನಂಬುವವರಿಗೆ ಇದು ಗೊತ್ತಿರುವುದಿಲ್ಲ. ಬಂಡೆಗಳ ನಡುವಿನ ಸಂದಿಗೆ, ಗುಹೆಯ ಬಾಯಿಗೆ ಎಷ್ಟೇ ಆಸೆಯಾದರೂ ಎಂಜಿನ್ ದೋಣಿ ನುಗ್ಗಿಸಬೇಡಿ.

ತೋನ್ಸೆಪಾರಿನ ಕಲ್ಲಂತೂ ಸುತ್ತಿ ನೋಡಲೆಂದೇ ಇರುವಂಥದ್ದು. ಪ್ರವಾಸಿ ದೋಣಿ ನಿಲ್ಲುವ ತೆಂಗಿನ ದ್ವೀಪವಲ್ಲದೆ ಬಡಗಣದ ದ್ವೀಪ, ದರಿಯಾ ಬಹಾದ್ದೂರ್‌ಗಡ, ತೆಂಕಣದ ದ್ವೀಪ ಎಂದು ಸಾಲು ಬೆಳೆದಿದೆ, ನಡುವೆ ಸಣ್ಣ ಪಾರುಗಳು (ಕಲ್ಲುದಿಬ್ಬಗಳು). ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ಅದು. ತಣಿಯುವಾಗ ಕುಗ್ಗಿ ಬಿರುಕು ಬಿಟ್ಟು ಐದು, ಆರು, ಏಳು ಮುಖದ ಕಂಬಗಳಾಯಿತು. ಕೆಲವೆಡೆ ಕಂಬಗಳು ನೆಟ್ಟಗೆ ನಿಂತಿವೆ, ಕೆಲವೆಡೆ ಒಲೆಯ ಪಕ್ಕ ಒಟ್ಟಿದ ಸೌದೆಯಂತೆ ಓರೆಯಾಗಿ ಮಲಗಿವೆ. ಇಂಥ ಕಂಬಗಳು ಸಾಮಾನ್ಯವಾಗಿ ಕಪ್ಪು ಬಸಾಲ್ಟ್ ಕಲ್ಲಿನಲ್ಲಿರುತ್ತವೆ, ಇಲ್ಲಿಯದು ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಳಗ್ಗೆ ಎಂಟರ ಹೊತ್ತಿಗೆ ಮೂಡಣದ ಓರೆ ಬಿಸಿಲು ಬಿದ್ದಾಗ ಕಂಬದ ಪ್ರತಿ ಅಂಚೂ ಬೇರೆಯಾಗಿ ಕಾಣುತ್ತದೆ. ಮಧ್ಯಾಹ್ನ ಎಲ್ಲ ಚಪ್ಪಟೆ.

ಲಂಗರು, ಇಳಿಯುವುದು

ಲಂಗರು ಬಿಡಲು ಮೂಡುಬದಿಯಲ್ಲಿ ಮರಳು ಹುಡುಕಿ. ಸೂರ್ಯ ಸ್ವಲ್ಪ ಮೇಲೇರಿದ ಮೇಲೆ ತಿಳಿನೀರಿನಲ್ಲಿ ಮಾಸಲು ಹಳದಿ ಕಂಡದ್ದು ಮರಳು, ಕಪ್ಪಗೆ ಕಂಡದ್ದು ಕಲ್ಲು ಅಥವಾ ಹವಳ. ಕಾಳಿಯ ಎದುರಿನ ನೀರು ಕದಡಿರುತ್ತದೆ, ಅಲ್ಲಿ ಕಣ್ಣಿಗೆ ಬೆಲೆಯಿಲ್ಲ, ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಬೇಕು. ನೇತ್ರಾಣಿಯಲ್ಲಿ ಹವಳದ ಮೇಲೆ ಲಂಗರು ಬಿಸಾಡುವುದು ಮಾತ್ರ ಕ್ಷಮಿಸಲಾಗದ್ದು. ಹವಳ ಬೆಳೆಯುವುದು ವರ್ಷಕ್ಕೆ ಅಷ್ಟಿಷ್ಟು, ಮುರಿಯುವುದು ಒಂದೇ ಏಟಿಗೆ. ಜಾಗ ಸಿಗದಿದ್ದರೆ ಎಂಜಿನ್ ನಡೆಸುತ್ತಲೇ ನೀರಿನಲ್ಲಿ ನಿಲ್ಲಿ.

ಹಗ್ಗ ಆಳದ ಐದು ಪಟ್ಟು ಬಿಡಿ. ಕಟ್ಟುವುದು ಯಾವಾಗಲೂ ಮುಂತುದಿಗೆ, ಹಿಂಬದಿಗೆ ಕಟ್ಟಿದರೆ ಅಲೆ ನೇರ ದೋಣಿಯೊಳಗೆ ಬರುತ್ತದೆ. ಕೊಕ್ಕೆಯ ಲಂಗರು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವುದುಂಟು. ಅದರ ಬುಡಕ್ಕೆ ಇನ್ನೊಂದು ತೆಳು ಹಗ್ಗ ಕಟ್ಟಿ, ಮೇಲೆ ಖಾಲಿ ಕ್ಯಾನು ತೇಲಿಬಿಟ್ಟರೆ ಹಿಂದಿನಿಂದ ಎಳೆದು ಬಿಡಿಸಬಹುದು.

ಇಳಿಯಲು ಒಪ್ಪಿಗೆ ಇದ್ದು, ಮರಳಿನ ತುಂಡೋ ತಗ್ಗಾದ ಚಪ್ಪಡಿಯೋ ಇದ್ದು, ಕಾಲು ಗಂಟೆಯಲ್ಲಿ ಒಂದು ಅಲೆಯೂ ಅದರ ಮೇಲೆ ಹಾಯದೇ ಇದ್ದರೆ ಮಾತ್ರ ಇಳಿಯಿರಿ. ಮೂತಿ ಕಲ್ಲಿಗೆ ತಾಗಿಸಿ, ತಾಂಡೇಲ ಎಂಜಿನ್ ಹಿಂದಕ್ಕೆ ಹಾಕಲು ಸಿದ್ಧವಾಗಿರುವಾಗ, ದೋಣಿ ಅಲೆಯ ಮೇಲೆ ಏರಿ ಒಂದು ಕ್ಷಣ ನಿಂತಲ್ಲಿ ಒಬ್ಬೊಬ್ಬರೇ ಹೆಜ್ಜೆ ಇಡಬೇಕು. ಜಿಗಿಯಬಾರದು. ಕೈಯಲ್ಲಿ ಚೀಲ, ಕ್ಯಾಮೆರಾ ಇರಬಾರದು, ಅವನ್ನು ಆಮೇಲೆ ದಾಟಿಸಿ. ಕಾಲೋ ಕೈಯೋ ದೋಣಿಗೂ ಕಲ್ಲಿಗೂ ನಡುವೆ ಎಂದೂ ಬರಬಾರದು. ಇಳಿದ ಮೇಲೆ ಕಪ್ಪು ಪಟ್ಟಿಯ ಮೇಲೆ ನಿಲ್ಲಬೇಡಿ, ಕಡಲಿಗೆ ಬೆನ್ನು ಹಾಕಬೇಡಿ.

ಅಲ್ಲಿ ಬದುಕುವವರು

ಬಿಳಿಹೊಟ್ಟೆಯ ಕಡಲಹದ್ದು ನೇತ್ರಾಣಿಯ ಮರಗಳಲ್ಲಿ ಗೂಡು ಕಟ್ಟುತ್ತದೆ. ಹದ್ದು ಎದ್ದು ತಲೆಯ ಮೇಲೆ ಕೂಗುತ್ತ ಸುತ್ತಿದರೆ ನೀವು ಗೂಡಿಗೆ ತೀರಾ ಹತ್ತಿರ ಬಂದಿದ್ದೀರಿ, ದೂರ ಸರಿಯಿರಿ. ಡ್ರೋನ್ ಹಾರಿಸಬೇಡಿ. ಕಾರವಾರದ ಕೊಲ್ಲಿಯಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಸಿಗುತ್ತವೆ. ಅವುಗಳ ಹಿಂದೆ ಎಂಜಿನ್ ಓಡಿಸಿದರೆ ಮುಳುಗಿ ಹೋಗುತ್ತವೆ. ಐವತ್ತು ಮೀಟರ್ ದೂರದಲ್ಲಿ ಎಂಜಿನ್ ತಗ್ಗಿಸಿ ಕಾದರೆ ಎಷ್ಟೋ ಸಲ ಅವೇ ದೋಣಿಯ ಕಡೆ ಬರುತ್ತವೆ, ಉಸಿರು ಬಿಡುವ ಫುಸ್ ಸದ್ದು ಮೊದಲು ಕೇಳುತ್ತದೆ. ಬಲೆಯ ತೇಲುಗುಂಡುಗಳ ಸಾಲು ಕಂಡರೆ ಸುತ್ತಿ ಹೋಗಿ, ಮೇಲೆ ಹಾಯಬೇಡಿ. ಅದು ಒಂದು ಮನೆಯ ಅಂದಿನ ಅನ್ನ, ನಿಮ್ಮ ಪ್ರೊಪೆಲ್ಲರಿಗೂ ಕುತ್ತು.

ಕೈಕೊಟ್ಟರೆ

ಎಂಜಿನ್ ನಿಂತರೆ ಮೊದಲು ಲಂಗರು, ಆಮೇಲೆ ರಿಪೇರಿ. ಈ ಕ್ರಮ ಬದಲಾಗಕೂಡದು. ಪಡುಬದಿಯಲ್ಲಿ ಸ್ವೆಲ್ ಕಲ್ಲಿನ ಕಡೆ ತಳ್ಳುತ್ತಿರುವಾಗ ಪ್ಲಗ್ ಬಿಚ್ಚುತ್ತ ಕೂತರೆ ಸಮಯ ಮುಗಿಯುತ್ತದೆ. ಅದಕ್ಕೇ ಲಂಗರಿನ ಹಗ್ಗ ಸುತ್ತಿ, ಸಿಕ್ಕಿಲ್ಲದೆ, ಮುಂತುದಿಯಲ್ಲೇ ಸಿದ್ಧವಿರಬೇಕು. ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಅವರ ಕಡೆ ಬೆರಳು ತೋರಿಸುತ್ತ ಕಣ್ಣು ಕೀಳದೆ ನಿಲ್ಲಲಿ. ಹತ್ತಿರ ಬಂದಾಗ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಹಗ್ಗ ಎಸೆಯಿರಿ. ಬಿದ್ದವರು ಬಂಡೆಯ ಹತ್ತಿರವಿದ್ದರೆ ಬಂಡೆ ಹತ್ತಲು ನೋಡಬಾರದು, ಹೊರಗಿನ ನೀರಿಗೆ ಈಜಬೇಕು. ಕಲ್ಲಿನ ಮೇಲೆ ಅಲೆ ಉಜ್ಜುತ್ತದೆ, ತೆರೆದ ನೀರಿನಲ್ಲಿ ಜಾಕೆಟ್ ತೇಲಿಸುತ್ತದೆ. ದೋಣಿ ಮಗುಚಿದರೆ ದೋಣಿಯನ್ನೇ ಹಿಡಿದುಕೊಂಡಿರಿ. ದಡ ಎಷ್ಟೇ ಹತ್ತಿರ ಕಂಡರೂ ಈಜಿ ಹೊರಡಬೇಡಿ. ಹುಡುಕುವವರಿಗೆ ತಲೆ ಕಾಣುವುದಿಲ್ಲ, ದೋಣಿಯ ತಳ ಕಾಣುತ್ತದೆ. ತಟರಕ್ಷಣಾ ಪಡೆಯ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093. ಎರಡನ್ನೂ ಎಲ್ಲರ ಮೊಬೈಲಿನಲ್ಲಿ ಹಾಕಿಸಿ, ದೋಣಿಯ ಒಳಬದಿಗೂ ಬರೆಸಿ.

ಮರಳುವುದು

ಹತ್ತು ಗಂಟೆಗೆ, ಎಷ್ಟೇ ಚೆನ್ನಾಗಿದ್ದರೂ, ಮೂತಿ ದಡಕ್ಕೆ ತಿರುಗಿಸಿ. ನೇತ್ರಾಣಿಯಾದರೆ ಒಂಬತ್ತೂವರೆಗೇ. ಪಡುವಣ ನೀರು ಗಾಢವಾಗಿ ಕಪ್ಪೇರಿ, ಆ ಕಪ್ಪಿನೊಳಗೆ ಬಿಳಿ ಚುಕ್ಕೆಗಳು ಎದ್ದರೆ ಗಾಳಿ ಆಗಲೇ ಹೊರಟಿದೆ. ಏಪ್ರಿಲ್, ಮೇ ತಿಂಗಳಲ್ಲಿ ಘಟ್ಟದ ಮೇಲೆ ಮೋಡ ಗೋಪುರ ಕಟ್ಟತೊಡಗಿದರೂ ಅಷ್ಟೇ ಬೇಗ ಹೊರಡಬೇಕು. ದಕ್ಕೆ ಸೇರಿದ ಕೂಡಲೇ ಠಾಣೆಗೆ ಫೋನ್ ಮಾಡಿ ಬಂದೆವೆಂದು ತಿಳಿಸಿ. ಎಂಜಿನನ್ನು ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆಯಲು ತಾಂಡೇಲರಿಗೆ ಕೈಜೋಡಿಸಿ. ಅವರ ಜೊತೆ ಚಹಾ ಕುಡಿಯುತ್ತಲೇ ಅಂದಿನ ತಿಥಿ, ಹೊರಟ ಹೊತ್ತು, ಮುನ್ಸೂಚನೆ ಹೇಳಿದ ಅಲೆ, ನಿಜವಾಗಿ ಕಂಡ ಅಲೆ, ಗಾಳಿ ತಿರುಗಿದ ಗಂಟೆ, ನೊರೆ ಎದ್ದ ಅಡಗುಕಲ್ಲುಗಳ ಜಾಗ ಇಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಅದೇ ದ್ವೀಪಕ್ಕೆ ಬೇರೆ ತಿಥಿಯಲ್ಲಿ ಹೊರಡುವಾಗ ಮೊದಲು ತೆರೆಯಬೇಕಾದದ್ದು ಆ ಪುಟ.